ಒಂದೇ ತಾರೀಖಿನ ಬಳಗ: ಡಿಸೆಂಬರ್ 29

(ಹಾಸನದಲ್ಲಿ ಡಿಸೆಂಬರ್ 29ರ ಸಂಜೆ ಓದುಗ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಕುವೆಂಪು ಹುಟ್ಟಿದ ದಿನ. ಹಾಗಾಗಿ ನಾನು ಕುವೆಂಪು ಸಾಹಿತ್ಯದ ಬಗ್ಗೆ ಮಾತಾಡುತ್ತೇನೆ ಅಂತ ನೀವೆಲ್ಲ ಬಂದಿರಬಹುದು. ಅದನ್ನು ನನಗಿಂತ ಚೆನ್ನಾಗಿ ಮಾತಾಡುವವರು ಈ ಊರಲ್ಲೇ ಇದ್ದಾರೆ. ನಾನು ಇತಿಹಾಸದ ಪಾಠ ಮಾಡಿಕೊಂಡು ಬಂದವನು. ನನಗೆ ತಾರೀಖುಗಳ ಹುಚ್ಚು. ಅದಕ್ಕೇ ಇವತ್ತು ಈ ತಾರೀಖನ್ನೇ ಹಿಡಿದು ಮಾತಾಡುತ್ತೇನೆ. ಡಿಸೆಂಬರ್ 29ಕ್ಕೆ ಯಾರ್ಯಾರು ಹುಟ್ಟಿದರು, ಯಾರು ತೀರಿಕೊಂಡರು, ಏನೇನಾಯಿತು, ಮತ್ತೆ ಇವೆಲ್ಲ 'ಒಂದೇ ದಿನ' ಅಂತ ನಾವು ಹೇಳುವುದು ಎಷ್ಟು ನಿಜ? ಇಷ್ಟೇ ವಿಷಯ.

ಮೊದಲು ನಮ್ಮ ಮನೆಯವರಿಂದ ಶುರು ಮಾಡೋಣ.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29, ಗುರುವಾರ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ಅದು ಎಲ್ಲರಿಗೂ ಗೊತ್ತು. ಆದರೆ ಹುಟ್ಟಿದ್ದು ತಾಯಿಯ ತವರಿನಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅಂದರೆ ಈಗಿನ ಚಿಕ್ಕಮಗಳೂರು ಜಿಲ್ಲೆ. ಆಗ ಅದಕ್ಕೆ ಕಡೂರು ಜಿಲ್ಲೆ ಅಂತ ಹೆಸರು. ಶಿವಮೊಗ್ಗದವರು ಬೇಜಾರು ಮಾಡಿಕೊಳ್ಳಬಾರದು. ಬೆಳೆಸಿದ ಪುಣ್ಯ ಅವರದೇ, ಹೆತ್ತ ಮನೆ ಮಾತ್ರ ನಮ್ಮ ಪಕ್ಕದ ಜಿಲ್ಲೆಯದು. 2015ರಿಂದ ಸರ್ಕಾರ ಈ ದಿನವನ್ನು ವಿಶ್ವಮಾನವ ದಿನ ಅಂತ ಆಚರಿಸುತ್ತಿದೆ.

ಇದೇ ತಾರೀಖಿಗೆ, 1939ರಲ್ಲಿ, ನಮ್ಮದೇ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಇನ್ನೊಬ್ಬರು ಹುಟ್ಟಿದರು. ಸಿ. ಅಶ್ವತ್ಥ್. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಹಾಡು ಕಟ್ಟಿದವರು. ಪುಸ್ತಕದಲ್ಲಿದ್ದ ಕವಿತೆಯನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗುನುಗುವ ಹಾಗೆ ಮಾಡಿದವರಲ್ಲಿ ಅವರು ದೊಡ್ಡವರು. ಆ ಗಂಟಲು ಕೇಳಿದವರು ಮರೆಯುವುದಿಲ್ಲ. ಸ್ವಲ್ಪ ಒರಟು, ಆದರೆ ಒಳಗಿನಿಂದ ಬರುವ ದನಿ. ಈ ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ಅವತ್ತಿಗೆ ಅವರಿಗೆ ಸರಿಯಾಗಿ ಎಪ್ಪತ್ತು ತುಂಬಿತ್ತು.

ಮಾರನೇ ದಿನ, ಡಿಸೆಂಬರ್ 30ರ ಬೆಳಗಿನ ಪತ್ರಿಕೆಗಳಲ್ಲಿ ಅಶ್ವತ್ಥರ ಸುದ್ದಿ ಇತ್ತು. ಜನ ಅದನ್ನು ಓದಿ ಮುಗಿಸುವ ಹೊತ್ತಿಗೆ ಮೈಸೂರಿನಿಂದ ವಿಷ್ಣುವರ್ಧನ್ ತೀರಿಕೊಂಡ ಸುದ್ದಿ ಬಂತು. ಅಲ್ಲಿಂದಾಚೆ ಟಿವಿಯಲ್ಲಿ, ಬೀದಿಯಲ್ಲಿ, ಹೋಟೆಲಿನಲ್ಲಿ ಬೇರೆ ಮಾತೇ ಇಲ್ಲ. ಅಶ್ವತ್ಥರಿಗೆ ಸಿಗಬೇಕಾಗಿದ್ದ ಒಂದು ವಾರದ ನೆನಪು ಒಂದೇ ಬೆಳಗಿಗೆ ಮುಗಿದುಹೋಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. 1963ರ ನವೆಂಬರ್ 22ರಂದು ಇಂಗ್ಲಿಷಿನ ಇಬ್ಬರು ದೊಡ್ಡ ಲೇಖಕರು, ಆಲ್ಡಸ್ ಹಕ್ಸ್‌ಲಿ ಮತ್ತು ಸಿ. ಎಸ್. ಲೂಯಿಸ್, ತೀರಿಕೊಂಡರು. ಅದೇ ದಿನ ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ಬಿತ್ತು. ಲೇಖಕರ ಸುದ್ದಿ ಕೇಳುವವರೇ ಇರಲಿಲ್ಲ. ಸಾವಿಗೂ ಒಳ್ಳೆಯ ದಿನ, ಕೆಟ್ಟ ದಿನ ಅಂತ ಇರುತ್ತದೆ, ಪಂಚಾಂಗದ ಲೆಕ್ಕದಲ್ಲಲ್ಲ, ಸುದ್ದಿಮನೆಯ ಲೆಕ್ಕದಲ್ಲಿ.

ಕುವೆಂಪು ಮತ್ತು ಅಶ್ವತ್ಥ್ ಬೇರೊಂದು ಕಡೆಯೂ ಒಟ್ಟಿಗೆ ಸಿಗುತ್ತಾರೆ. ಕುವೆಂಪು ಬರೆದ ನಾಡಗೀತೆಯನ್ನು ಸರ್ಕಾರ 2004ರಲ್ಲಿ ಅಧಿಕೃತ ಮಾಡಿತು. ಆದರೆ ಯಾವ ಧಾಟಿಯಲ್ಲಿ ಹಾಡಬೇಕು ಅನ್ನುವುದು ವರ್ಷಗಟ್ಟಲೆ ವಾದವಾಯಿತು. ಅಶ್ವತ್ಥರ ಧಾಟಿ ಬೇಕು ಅನ್ನುವವರು ಒಂದು ಕಡೆ, ಮೈಸೂರು ಅನಂತಸ್ವಾಮಿಯವರದು ಬೇಕು ಅನ್ನುವವರು ಇನ್ನೊಂದು ಕಡೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿಕೊಂಡಿತು, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಅಂತಲೂ ಹೇಳಿತು. ಚನ್ನರಾಯಪಟ್ಟಣದವರು ಇದನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ನಾನೂ ಆ ಕಡೆಯವನೇ ಅಂತ ಇಟ್ಟುಕೊಳ್ಳಿ.

ಈಗ ಮುಖ್ಯ ಪ್ರಶ್ನೆ. ಹುಟ್ಟಿದ ತಾರೀಖಿಗೇ ಸಾವು ಬಂದರೆ ನಮಗೆ ಮೈ ಜುಮ್ಮೆನ್ನುತ್ತದೆ. 'ವಿಧಿ ನೋಡಿ' ಅಂತೀವಿ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಡಾಕ್ಟರ್ ಬಿ. ಸಿ. ರಾಯ್ ಹುಟ್ಟಿದ್ದೂ ಜುಲೈ 1, ತೀರಿಕೊಂಡದ್ದೂ ಜುಲೈ 1. ಅವರ ನೆನಪಿಗೇ ಆ ದಿನ ನಾವು ವೈದ್ಯರ ದಿನ ಮಾಡುತ್ತೇವೆ. ಇದೆಲ್ಲ ಎಷ್ಟು ಅಪರೂಪ? ಲೆಕ್ಕ ಸುಲಭ. ಒಬ್ಬ ಮನುಷ್ಯ ತನ್ನ ಹುಟ್ಟುಹಬ್ಬದಂದೇ ಸಾಯುವ ಸಾಧ್ಯತೆ 365ಕ್ಕೆ ಒಂದು. ಒಂದು ಲಕ್ಷ ಜನ ಸತ್ತರೆ ಅವರಲ್ಲಿ ಸುಮಾರು 270 ಜನ ಹೀಗೇ ಹೋಗಿರುತ್ತಾರೆ. ನಮ್ಮ ಬೀದಿಯಲ್ಲೂ ಯಾರೋ ಹೀಗೆ ಹೋಗಿರಬಹುದು. ಅವರು ಹಾಡುಗಾರರಲ್ಲ, ಮುಖ್ಯಮಂತ್ರಿಯಲ್ಲ, ಹಾಗಾಗಿ ಯಾರೂ ಲೆಕ್ಕ ಇಟ್ಟಿಲ್ಲ.

ಇನ್ನು ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವುದಂತೂ ಇನ್ನೂ ಸುಲಭ. ಒಂದು ಕೋಣೆಯಲ್ಲಿ 23 ಜನ ಇದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ನಂಬುವುದು ಕಷ್ಟ, ಅಲ್ವಾ? ಯಾಕೆಂದರೆ ನಾವು 'ನನ್ನ ಹುಟ್ಟುಹಬ್ಬದ ದಿನ ಇನ್ಯಾರು' ಅಂತ ಯೋಚಿಸುತ್ತೇವೆ. ಲೆಕ್ಕ ಕೇಳುವುದು ಅದನ್ನಲ್ಲ, ಯಾವುದಾದರೂ ಒಂದು ಜೋಡಿ ಇದೆಯಾ ಅಂತ. 23 ಜನರಲ್ಲಿ 253 ಜೋಡಿಗಳಾಗುತ್ತವೆ. ಐವತ್ತು ಜನ ಆದರೆ ನೂರಕ್ಕೆ 97 ಪಾಲು ಜೋಡಿ ಸಿಕ್ಕೇ ಸಿಗುತ್ತದೆ.

ಸಭೆಯಲ್ಲಿ ಇದನ್ನು ಪರೀಕ್ಷೆ ಮಾಡಿದೆವು. ಮುಂದಿನ ಸಾಲಿನಿಂದ ಒಬ್ಬೊಬ್ಬರೇ ತಾರೀಖು ಹೇಳುತ್ತಾ ಬಂದರು. ಹಿರಿಯರ ಸಾಲಿಗೆ ಬಂದದ್ದೇ ಜೋಡಿ ಏನು, ಗುಂಪೇ ಸಿಕ್ಕಿತು. ಜೂನ್ 1! ಎಲ್ಲರೂ ನಕ್ಕರು. ಯಾಕೆಂದು ನಿಮಗೂ ಗೊತ್ತು. ಆಗ ಹಳ್ಳಿಯಲ್ಲಿ ಹುಟ್ಟಿದ ತಾರೀಖು ಬರೆದಿಡುವವರು ಯಾರು? ಅಪ್ಪ ಮಗುವನ್ನು ಕರೆದುಕೊಂಡು ಶಾಲೆಗೆ ಹೋಗುತ್ತಿದ್ದರು. ಮೇಷ್ಟ್ರು 'ಯಾವಾಗ ಹುಟ್ಟಿದ್ದು' ಅಂತ ಕೇಳಿದರೆ, 'ದೊಡ್ಡ ಮಳೆ ಬಂದ ವರ್ಷ, ಗೌರಿ ಹಬ್ಬದ ಹಿಂದೆ ಮುಂದೆ' ಅನ್ನುವ ಉತ್ತರ. ಮೇಷ್ಟ್ರು ಶಾಲೆಯ ವರ್ಷಕ್ಕೆ ಸರಿಹೊಂದುವ ಹಾಗೆ ಜೂನ್ 1 ಅಂತ ಬರೆದುಕೊಂಡು ಮುಂದಿನ ಮಗುವನ್ನು ಕರೆಯುತ್ತಿದ್ದರು. ಹೀಗಾಗಿ ನಮ್ಮ ಕಡೆ ಒಂದು ತಲೆಮಾರಿಗೆ ಜೂನ್ 1 ಕಾಗದದ ಹುಟ್ಟುಹಬ್ಬ. ನಿವೃತ್ತಿಯೂ ಎಲ್ಲರದೂ ಮೇ ತಿಂಗಳ ಕೊನೆಗೆ. ತಮಾಷೆ ಅಂದರೆ, ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದೂ ಜೂನ್ 1ಕ್ಕೆ, 1996ರಲ್ಲಿ. ಅವರ ಹುಟ್ಟುಹಬ್ಬ ಮಾತ್ರ ಮೇ 18.

ಸರಿ, ತಾರೀಖು ಒಂದೇ ಆಗುವುದರಲ್ಲಿ ದೊಡ್ಡ ಪವಾಡ ಇಲ್ಲ ಅಂತಾಯಿತು. ಹಾಗಾದರೆ 'ಇತಿಹಾಸದಲ್ಲಿ ಈ ದಿನ' ಅಂತ ದಿನಾ ಬೆಳಿಗ್ಗೆ ಮೊಬೈಲಿಗೆ ಬರುತ್ತದಲ್ಲ, ಅದನ್ನು ಓದುವುದು ಸುಮ್ನೆನಾ?

ಆ ಪಟ್ಟಿಗಳನ್ನು ಹಾಗೇ ಓದಿದರೆ ಸುಮ್ನೆನೇ. ಟೆಕ್ಸಾಸ್ ಅಮೆರಿಕಕ್ಕೆ ಸೇರಿದ್ದು, ರಾಜೇಶ್ ಖನ್ನಾ ಹುಟ್ಟಿದ್ದು, ಪೇಜಾವರ ಶ್ರೀಗಳು ತೀರಿಕೊಂಡದ್ದು, ಎಲ್ಲ ಡಿಸೆಂಬರ್ 29. ಒಂದಕ್ಕೊಂದು ಏನೂ ಸಂಬಂಧ ಇಲ್ಲ. ನಾನು ಒಂದು ಉಪಾಯ ಮಾಡುತ್ತೇನೆ. ಒಬ್ಬರ ಜೀವನವನ್ನು ಹಿಡಿದುಕೊಂಡು ಆ ತಾರೀಖನ್ನು ವರ್ಷ ವರ್ಷ ನೋಡುತ್ತಾ ಹೋಗುತ್ತೇನೆ. ಇವತ್ತಿಗೆ ಕುವೆಂಪು ಇದ್ದಾರಲ್ಲ, ಅವರ ಹುಟ್ಟುಹಬ್ಬಗಳನ್ನೇ ತೆಗೆದುಕೊಳ್ಳೋಣ.

1930ರ ಡಿಸೆಂಬರ್ 29. ಕುವೆಂಪುಗೆ 26 ತುಂಬಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿ ಸೇರಿ ಇನ್ನೂ ಹೊಸದು. ಅದೇ ದಿನ ಅಲಹಾಬಾದಿನಲ್ಲಿ ಮುಸ್ಲಿಂ ಲೀಗಿನ ಅಧಿವೇಶನ. ಅಧ್ಯಕ್ಷರು ಒಬ್ಬ ಕವಿ, ಮೊಹಮ್ಮದ್ ಇಕ್ಬಾಲ್. ಪಂಜಾಬ್, ವಾಯವ್ಯ ಗಡಿ ಪ್ರಾಂತ, ಸಿಂಧ್, ಬಲೂಚಿಸ್ತಾನ ಸೇರಿ ಒಂದೇ ರಾಜ್ಯ ಆಗುವುದನ್ನು ನೋಡಬೇಕು ಅಂತ ಅವರು ಅವತ್ತು ಭಾಷಣದಲ್ಲಿ ಹೇಳಿದರು. ಪಾಕಿಸ್ತಾನದ ಕಥೆ ಹೇಳುವವರೆಲ್ಲ ಈ ಭಾಷಣದ ಹತ್ತಿರ ಒಮ್ಮೆ ನಿಲ್ಲುತ್ತಾರೆ. ಇದೇ ಇಕ್ಬಾಲರು ಹಿಂದೂಸ್ತಾನವನ್ನು ಹೊಗಳಿ ಬರೆದ, ಇವತ್ತಿಗೂ ನಮ್ಮ ಶಾಲೆ ಮಕ್ಕಳು ಹಾಡುವ ಹಾಡು ಮೊದಲು ಅಚ್ಚಾದದ್ದು 1904ರಲ್ಲಿ, ಅಂದರೆ ಕುವೆಂಪು ಹುಟ್ಟಿದ ವರ್ಷದಲ್ಲೇ. ಒಬ್ಬ ಕವಿ 26 ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದ ನೋಡಿ. ಅತ್ತ 26 ವರ್ಷದ ಇನ್ನೊಬ್ಬ ಕವಿ ನಾಡಗೀತೆಯಲ್ಲಿ ಎಲ್ಲ ಜನಾಂಗಕ್ಕೂ ಜಾಗ ಇರುವ ತೋಟವನ್ನು ಕಂಡವನು. ಇಬ್ಬರಿಗೂ ಪರಿಚಯ ಇತ್ತು ಅಂತಲ್ಲ. ಆದರೆ ಈ ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಓದಿದರೆ ಆ ಕಾಲ ಹೇಗಿತ್ತು ಅನ್ನುವುದು ಹತ್ತು ಪುಟದ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

1940ರ ಡಿಸೆಂಬರ್ 29, ಭಾನುವಾರ. ಕುವೆಂಪು ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆ ರಾತ್ರಿ ಜರ್ಮನಿಯ ವಿಮಾನಗಳು ಲಂಡನ್ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿದವು. ಹಳೇ ಲಂಡನ್ ಹೊತ್ತಿ ಉರಿಯಿತು. ಹೊಗೆಯ ನಡುವೆ ಸೇಂಟ್ ಪಾಲ್ ಚರ್ಚಿನ ಗೋಪುರ ಮಾತ್ರ ಎದ್ದು ಕಾಣುವ ಫೋಟೋ ನೀವು ನೋಡಿರಬಹುದು. ಅದು ಆ ರಾತ್ರಿಯದು.

1943ರಲ್ಲಿ ಇದೇ ದಿನ ಸುಭಾಷ್ ಚಂದ್ರ ಬೋಸ್ ಪೋರ್ಟ್ ಬ್ಲೇರಿನಲ್ಲಿ ಇಳಿದರು. ಅಂಡಮಾನ್ ಆಗ ಜಪಾನಿನ ಕೈಯಲ್ಲಿತ್ತು. ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನ ಪಟ್ಟಿಗಳಲ್ಲಿ ಅವರು ಬಾವುಟ ಹಾರಿಸಿದ್ದೂ 29 ಅಂತ ಹಾಕಿರುತ್ತಾರೆ. ಬಂದದ್ದು 29ಕ್ಕೆ, ಬಾವುಟ ಹಾರಿಸಿದ್ದು 30ಕ್ಕೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1959. ಕುವೆಂಪುಗೆ 55. ಮೈಸೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್. ಮಾನಸಗಂಗೋತ್ರಿ ಕಟ್ಟುವ ಗಡಿಬಿಡಿಯ ಕಾಲ. ಆ ಡಿಸೆಂಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಫೈನ್‌ಮನ್ ಅನ್ನುವ ಭೌತವಿಜ್ಞಾನಿ ಒಂದು ಉಪನ್ಯಾಸ ಕೊಟ್ಟ. ಇಡೀ 24 ಸಂಪುಟದ ಬ್ರಿಟಾನಿಕಾ ವಿಶ್ವಕೋಶವನ್ನು ಒಂದು ಗುಂಡುಸೂಜಿಯ ತಲೆಯ ಮೇಲೆ ಯಾಕೆ ಬರೆಯಬಾರದು ಅಂತ ಕೇಳಿದ. ತಮಾಷೆಗಲ್ಲ, ಲೆಕ್ಕ ಹಾಕಿ ಜಾಗ ಸಾಕು ಅಂತ ತೋರಿಸಿದ. ಹಾಗೆ ಬರೆದು ತೋರಿಸಿದವರಿಗೆ ಸಾವಿರ ಡಾಲರ್, ತೀರಾ ಸಣ್ಣ ಮೋಟಾರು ಮಾಡಿದವರಿಗೆ ಇನ್ನೊಂದು ಸಾವಿರ ಡಾಲರ್ ಬಹುಮಾನ ಅಂತ ಸಾರಿದ. ಮೋಟಾರು ಮರುವರ್ಷವೇ ಬಂತು. ಬರಹದ ಬಹುಮಾನ ಕೊಡಲು 1985ರವರೆಗೆ ಕಾಯಬೇಕಾಯಿತು. ಇವತ್ತು ನಾವು ನ್ಯಾನೋ ತಂತ್ರಜ್ಞಾನ ಅನ್ನುತ್ತೇವಲ್ಲ, ಅದರ ಕಥೆಯನ್ನು ಬಹಳ ಜನ ಈ ಉಪನ್ಯಾಸದಿಂದಲೇ ಶುರು ಮಾಡುತ್ತಾರೆ. ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬೇಕು ಅಂತ ಪಟ್ಟು ಹಿಡಿದಿದ್ದ ಕವಿಯ ಹುಟ್ಟುಹಬ್ಬದ ದಿನ ಇದು ನಡೆಯಿತು ಅನ್ನುವುದು ನನಗೆ ಸುಮ್ನೆ ಖುಷಿ ಕೊಡುತ್ತದೆ. ಖುಷಿಗೆ ಕಾರಣ ಬೇಕಾಗಿಲ್ಲ.

ಹುಟ್ಟಿದವರಲ್ಲಿ ಇನ್ನೊಬ್ಬರನ್ನು ಹೇಳಿ ಮುಂದೆ ಹೋಗುತ್ತೇನೆ. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷ ಡಬ್ಲ್ಯು. ಸಿ. ಬ್ಯಾನರ್ಜಿ. ಹುಟ್ಟಿದ್ದು 1844ರ ಡಿಸೆಂಬರ್ 29. ಮೊದಲ ಅಧಿವೇಶನ ಬೊಂಬಾಯಿಯಲ್ಲಿ ಶುರುವಾದದ್ದು 1885ರ ಡಿಸೆಂಬರ್ 28. ಅಂದರೆ ಎರಡನೇ ದಿನ ಅಧ್ಯಕ್ಷರ ಹುಟ್ಟುಹಬ್ಬ. ಕೇಕ್ ಕತ್ತರಿಸಿದರೋ ಇಲ್ಲವೋ, ಆ 72 ಪ್ರತಿನಿಧಿಗಳಿಗೇ ಗೊತ್ತು.

ಈಗ ಸ್ವಲ್ಪ ಹಿಂದೆ ಹೋಗೋಣ. ಇಲ್ಲೇ ಕಷ್ಟ ಶುರುವಾಗುವುದು.

1170ರ ಡಿಸೆಂಬರ್ 29. ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ರಾಜನ ಕಡೆಯ ನಾಲ್ವರು ಸರದಾರರು ಅಲ್ಲಿನ ದೊಡ್ಡ ಬಿಷಪ್ ಥಾಮಸ್ ಬೆಕೆಟ್‌ನನ್ನು ಚರ್ಚಿನ ಒಳಗೇ ಕೊಂದರು. ಆಗ ನಮ್ಮ ಹಳೇಬೀಡಿನಲ್ಲಿ ಒಂದನೇ ನರಸಿಂಹ ಆಳುತ್ತಿದ್ದ. ಎಲ್ಲ ಪಟ್ಟಿಯಲ್ಲೂ ಈ ಕೊಲೆ ಡಿಸೆಂಬರ್ 29ಕ್ಕೇ ಇದೆ. ಆದರೆ ಅದು ಇವತ್ತಿನ ಲೆಕ್ಕದ ಡಿಸೆಂಬರ್ 29 ಅಲ್ಲ. ಆಗ ಯೂರೋಪಿನಲ್ಲಿ ಇದ್ದದ್ದು ಜೂಲಿಯಸ್ ಸೀಸರ್ ಕಾಲದ ಕ್ಯಾಲೆಂಡರ್. ಅದರಲ್ಲಿ ವರ್ಷ ಅಂದರೆ 365 ದಿನ ಮತ್ತು ಕಾಲು. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ಏನು ಮಹಾ ಅನ್ನಬೇಡಿ. 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. 1582ರ ಹೊತ್ತಿಗೆ ಹತ್ತು ದಿನ ತಪ್ಪಿತ್ತು. ಪೋಪ್ ಗ್ರೆಗರಿ ಆ ವರ್ಷ ಅಕ್ಟೋಬರ್ 4 ಆದ ಮೇಲೆ ನೇರ 15 ಅಂತ ಮಾಡಿದ. ಪೋಪ್ ಹೇಳಿದ್ದು ಅನ್ನುವ ಕಾರಣಕ್ಕೇ ಇಂಗ್ಲೆಂಡಿನವರು ಒಪ್ಪಲಿಲ್ಲ. ಕೊನೆಗೆ 1752ರಲ್ಲಿ ಸೆಪ್ಟೆಂಬರ್ 2ರ ಮಾರನೇ ದಿನ 14 ಅಂತ ಮಾಡಿಕೊಂಡರು. ಬೆಕೆಟ್ ಸತ್ತ ದಿನವನ್ನು ಈಗಿನ ಲೆಕ್ಕಕ್ಕೆ ತಂದರೆ ಜನವರಿ 5 ಆಗುತ್ತದೆ. ವರ್ಷವೂ ಬದಲಾಗಿ 1171.

ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅಂತ ವಿಜ್ಞಾನದ ಮೇಷ್ಟ್ರುಗಳು ಹೇಳುತ್ತಾರಲ್ಲ, ಅದೂ ಹೀಗೇ. ಗೆಲಿಲಿಯೋ ಸತ್ತದ್ದು 1642ರ ಜನವರಿ 8, ಇಟಲಿಯ ಹೊಸ ಲೆಕ್ಕ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಇಂಗ್ಲೆಂಡಿನ ಹಳೇ ಲೆಕ್ಕ. ಇಬ್ಬರಿಗೂ ಒಂದೇ ಲೆಕ್ಕ ಹಿಡಿದರೆ ನ್ಯೂಟನ್ 1643ರ ಜನವರಿ 4ಕ್ಕೆ ಹೋಗುತ್ತಾನೆ. ಚಂದದ ಕಥೆ ಕೆಟ್ಟುಹೋಗುತ್ತದೆ.

ಹಳೆಯದು ಬಿಡಿ, ಈಗಲೂ ಇದೇ ಪಾಡು. ಫುಟ್‌ಬಾಲ್ ಆಟಗಾರ ಪೆಲೆ ತೀರಿಕೊಂಡದ್ದು 2022ರ ಡಿಸೆಂಬರ್ 29, ಬ್ರೆಜಿಲಿನಲ್ಲಿ ಮಧ್ಯಾಹ್ನ 3 ಗಂಟೆ 27 ನಿಮಿಷ. ಹಾಸನದಲ್ಲಿ ಆಗ ರಾತ್ರಿ 11 ಗಂಟೆ 57 ನಿಮಿಷ. ಇನ್ನು ಮೂರು ನಿಮಿಷ ಹೋಗಿದ್ದರೆ ನಮ್ಮ ಲೆಕ್ಕಕ್ಕೆ 30 ಆಗುತ್ತಿತ್ತು. ಜಪಾನಿನವರಿಗೆ ಆಗಲೇ 30. 2012ರಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಘೋರ ಅತ್ಯಾಚಾರಕ್ಕೆ ಗುರಿಯಾದ ಹುಡುಗಿ ಸಿಂಗಪುರದ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಡಿಸೆಂಬರ್ 29ರ ಬೆಳಗಿನ ಜಾವ. ಆಗ ಅಮೆರಿಕದಲ್ಲಿ ಇನ್ನೂ 28. ಆ ಬೆಳಿಗ್ಗೆ ನಮ್ಮ ಊರಲ್ಲೂ ಹುಡುಗಿಯರು ಮೇಣದಬತ್ತಿ ಹಿಡಿದು ನಿಂತಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಪೆಸಿಫಿಕ್ ಸಾಗರದಲ್ಲಿ ಸಮೋವಾ ಅಂತ ಒಂದು ಪುಟ್ಟ ದೇಶ ಇದೆ. 2011ರಲ್ಲಿ ಅಲ್ಲಿ ಡಿಸೆಂಬರ್ 29ರ ರಾತ್ರಿ ಮಲಗಿದವರು ಎದ್ದದ್ದು 31ಕ್ಕೆ. 30 ಬರಲೇ ಇಲ್ಲ. ಅವರ ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ. ಇವರಿಗೆ ಶುಕ್ರವಾರ ಇದ್ದಾಗ ಅಲ್ಲಿ ಶನಿವಾರ, ಕಚೇರಿ ಬಾಗಿಲು ಹಾಕಿರುತ್ತಿತ್ತು. ಅದಕ್ಕೇ ದಿನರೇಖೆಯ ಆ ಕಡೆಗೆ ಹಾರಿಕೊಂಡರು. 1892ರಲ್ಲಿ ಇದೇ ದೇಶ ಅಮೆರಿಕದ ವ್ಯಾಪಾರಕ್ಕಾಗಿ ಈ ಕಡೆಗೆ ಬಂದಿತ್ತು. ಆಗ ಜುಲೈ 4 ಎರಡು ಸಲ ಬಂತು. ಡಿಸೆಂಬರ್ 30ಕ್ಕೆ ಹುಟ್ಟಿದ ಸಮೋವಾದ ಮಕ್ಕಳಿಗೆ 2011ರಲ್ಲಿ ಹುಟ್ಟುಹಬ್ಬವೇ ಇಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, 'ಒಂದೇ ದಿನ' ಅನ್ನುವುದು ಆಕಾಶದಲ್ಲಿ ಬರೆದಿರುವುದಲ್ಲ. ನಮ್ಮ ಕೈಯಲ್ಲಿ ಯಾವ ಕ್ಯಾಲೆಂಡರ್ ಇದೆಯೋ ಅದು ಹೇಳಿದ ಮಾತು. ನಮ್ಮ ಮನೆಗಳಲ್ಲಿ ಎರಡು ಇವೆ. ಹುಟ್ಟುಹಬ್ಬಕ್ಕೆ ಇಂಗ್ಲಿಷ್ ತಾರೀಖು, ಹಿರಿಯರ ಶ್ರಾದ್ಧಕ್ಕೆ ಪಂಚಾಂಗ. ಒಂದು ಕೆಲಸ ಮಾಡೋಣ. ಅಶ್ವತ್ಥರ ಎರಡು ದಿನಗಳನ್ನು ಪಂಚಾಂಗದ ಲೆಕ್ಕದಲ್ಲಿ ನೋಡೋಣ. 1939ರ ಡಿಸೆಂಬರ್ 29ರಂದು ಹುಣ್ಣಿಮೆ ಕಳೆದು ಕೃಷ್ಣ ಪಕ್ಷ ನಡೆಯುತ್ತಿತ್ತು. 2009ರ ಡಿಸೆಂಬರ್ 29ರಂದು ಹುಣ್ಣಿಮೆ ಇನ್ನೂ ಬಂದಿರಲಿಲ್ಲ, ಶುಕ್ಲ ಪಕ್ಷ. ತಿಥಿ ಬೇರೆ, ಪಕ್ಷವೇ ಬೇರೆ. ಅವರು 200 ವರ್ಷ ಹಿಂದೆ ಚನ್ನರಾಯಪಟ್ಟಣದಲ್ಲಿ ಬದುಕಿದ್ದರೆ, ಹುಟ್ಟಿದ ದಿನವೇ ಹೋದರು ಅಂತ ಯಾರೂ ಹೇಳುತ್ತಿರಲಿಲ್ಲ.

ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಸಾಲದು. ಆ ಕೊರತೆ ತುಂಬಲು ಅಧಿಕ ಮಾಸ. ಇದರಿಂದ ತಿಥಿ ಮತ್ತು ತಾರೀಖು ಬೇರೆ ಬೇರೆ ಓಡಾಡಿಕೊಂಡು ಸುಮಾರು 19 ವರ್ಷಕ್ಕೊಮ್ಮೆ ಮತ್ತೆ ಕೂಡುತ್ತವೆ. ನಿಮ್ಮ 19ನೇ, 38ನೇ, 57ನೇ ಹುಟ್ಟುಹಬ್ಬವನ್ನು ಪಂಚಾಂಗ ಇಟ್ಟುಕೊಂಡು ನೋಡಿ. ತಿಥಿಯೂ ಅದೇ ಇರುತ್ತದೆ, ಇಲ್ಲವೇ ಒಂದು ದಿನ ಹಿಂದೆ ಮುಂದೆ. ಅಶ್ವತ್ಥರಿಗೆ ಆಗಿದ್ದದ್ದು 70. ಅದು 19ರ ಮಗ್ಗಿಯಲ್ಲಿ ಬರುವುದಿಲ್ಲ.

ಕುವೆಂಪು ಹುಟ್ಟಿದ್ದು ಕ್ರೋಧಿ ಸಂವತ್ಸರದ ಮಾರ್ಗಶಿರ ಮಾಸ, ಕೃಷ್ಣ ಪಕ್ಷ. ಅರವತ್ತು ವರ್ಷದ ಚಕ್ರದಲ್ಲಿ ಆ ಕ್ರೋಧಿ 1964ಕ್ಕೆ ಒಮ್ಮೆ ಬಂತು, 2024ರ ಯುಗಾದಿಗೆ ಮತ್ತೆ ಬಂತು.

ಇನ್ನು ನಮ್ಮ ಜಿಲ್ಲೆಯ ನಿಜವಾದ ಜೋಡಿಯನ್ನು ಹೇಳುತ್ತೇನೆ. ಇದಕ್ಕೇ ಇಷ್ಟು ಹೊತ್ತು ಕಾದಿದ್ದೆ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ದಿನ ಶಾಸನದಲ್ಲೇ ಇದೆ. ಶಕ ವರ್ಷ 1039, ಹೇವಿಳಂಬಿ ಸಂವತ್ಸರ (ನಾವು ಹೇಮಲಂಬಿ ಅನ್ನುವುದು), ಚೈತ್ರ ಶುದ್ಧ ಪಂಚಮಿ, ಶನಿವಾರ. ಹೊಯ್ಸಳ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದ ಮರುವರ್ಷ. ಇದನ್ನು ಇಂಗ್ಲಿಷ್ ಲೆಕ್ಕಕ್ಕೆ ತಂದರೆ 1117ರ ಮಾರ್ಚ್ 10.

ಈ ಶಾಸನಗಳ ಜಾಣತನ ನೋಡಿ. ಬರೀ ತಿಥಿ ಹೇಳಿ ಸುಮ್ಮನಾಗುವುದಿಲ್ಲ, ವಾರವನ್ನೂ ಹೇಳುತ್ತವೆ. ಹಲವು ಕಡೆ ಗ್ರಹಣ, ಸಂಕ್ರಮಣವನ್ನೂ ಸೇರಿಸುತ್ತವೆ. ತಿಥಿ ಓಡುವುದು ಚಂದ್ರನ ಲೆಕ್ಕದಲ್ಲಿ, ವಾರ ಓಡುವುದು ಏಳರ ಲೆಕ್ಕದಲ್ಲಿ. ಎರಡಕ್ಕೂ ಸಂಬಂಧ ಇಲ್ಲ. ಹಾಗಾಗಿ ಚೈತ್ರ ಶುದ್ಧ ಪಂಚಮಿ ಶನಿವಾರವೇ ಬರುವುದು ಸುಮಾರು ಏಳು ವರ್ಷಕ್ಕೆ ಒಂದು ಸಲ. ನೀವು ವರ್ಷವನ್ನು ತಪ್ಪು ಹಿಡಿದರೆ ಏಳಕ್ಕೆ ಆರು ಪಾಲು ಅಲ್ಲೇ ಸಿಕ್ಕಿಬೀಳುತ್ತೀರಿ. 1117ರ ಮಾರ್ಚ್ 10ಕ್ಕೆ ಲೆಕ್ಕ ಹಾಕಿ ನೋಡಿದರೆ ಪಂಚಮಿ ಸರಿ, ಶನಿವಾರವೂ ಸರಿ. ಒಂಬೈನೂರು ವರ್ಷದ ಹಿಂದೆ ಕಲ್ಲಿನಲ್ಲಿ ಕೆತ್ತಿದವನು ಒಂದು ದಿನವೂ ತಪ್ಪಿಲ್ಲ.

ಈಗ ಅಶ್ವತ್ಥರ ತಾಲ್ಲೂಕಿಗೆ ಬನ್ನಿ, ಶ್ರವಣಬೆಳಗೊಳಕ್ಕೆ. ಗೊಮ್ಮಟನ ಪಾದದ ಹತ್ತಿರ ಚಾವುಂಡರಾಯ ಮಾಡಿಸಿದ ಅಂತ ಬರೆದಿದೆ, ತಾರೀಖು ಇಲ್ಲ. ಬಹಳ ಕಾಲದ ನಂತರ ಬಂದ ಒಂದು ಸಂಸ್ಕೃತ ಕೃತಿ ದಿನ ಹೇಳುತ್ತದೆ. ಕಲ್ಕಿ ವರ್ಷ 600, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ, ಕುಂಭ ಲಗ್ನ. ಅದೇ ಚೈತ್ರ ಶುದ್ಧ ಪಂಚಮಿ!

ಆದರೆ ಯಾವ ವರ್ಷ? ಇಲ್ಲಿ ಪಂಡಿತರು ದಶಕಗಟ್ಟಲೆ ಜಗಳ ಆಡಿದ್ದಾರೆ. ವಿಭವ ಸಂವತ್ಸರವನ್ನೇ ಹಿಡಿದರೆ 968 ಅಥವಾ 1028 ಬರುತ್ತದೆ. 1028 ಅಂದವರೂ ಇದ್ದರು. ಆದರೆ ಚಾವುಂಡರಾಯ ಗಂಗರ ಮಾರಸಿಂಹ, ರಾಚಮಲ್ಲರ ಮಂತ್ರಿ. 1028 ಬಹಳ ತಡವಾಯಿತು. 968 ಆಗುವುದಿಲ್ಲ, ಯಾಕೆಂದರೆ ಚಾವುಂಡರಾಯ ತಾನೇ 978ರಲ್ಲಿ ಬರೆದು ಮುಗಿಸಿದ ಪುರಾಣದಲ್ಲಿ ತನ್ನ ಸಾಧನೆಗಳನ್ನೆಲ್ಲ ಹೇಳಿಕೊಂಡಿದ್ದಾನೆ, ಗೊಮ್ಮಟನ ಸುದ್ದಿ ಇಲ್ಲ. ಅಷ್ಟು ದೊಡ್ಡ ಮೂರ್ತಿ ಮಾಡಿಸಿದವನು ಅದನ್ನು ಮರೆತು ಬಿಡುತ್ತಾನಾ? ಇನ್ನೊಂದು ಕಡೆ, 993ರ ರನ್ನನ ಕಾವ್ಯದಲ್ಲಿ ಅತ್ತಿಮಬ್ಬೆ ಈ ಮೂರ್ತಿಯ ದರ್ಶನ ಮಾಡಿದ ಮಾತು ಬರುತ್ತದೆ. ಅಂದರೆ 978ರಿಂದ 993ರ ಒಳಗೆ. ಈ ಹದಿನೈದು ವರ್ಷದಲ್ಲಿ ಚೈತ್ರ ಶುದ್ಧ ಪಂಚಮಿ ಭಾನುವಾರ ಬಂದ ದಿನ ಹುಡುಕಿದರೆ 981ರ ಮಾರ್ಚ್ 13 ಚೆನ್ನಾಗಿ ಕೂಡುತ್ತದೆ. ವಿಭವ ಮಾತ್ರ ಕೂಡುವುದಿಲ್ಲ. ಹೆಚ್ಚಿನವರು ಈ 981ನ್ನೇ ಒಪ್ಪಿಕೊಂಡಿದ್ದಾರೆ. 1981ರ ಮಹಾಮಸ್ತಕಾಭಿಷೇಕವನ್ನು ಸಾವಿರ ವರ್ಷದ್ದು ಅಂತ ಮಾಡಿದ್ದು ಇದರ ಮೇಲೇ.

ಇಂಗ್ಲಿಷ್ ತಾರೀಖು ಹಿಡಿದರೆ ಬೆಳಗೊಳದ್ದು ಮಾರ್ಚ್ 13, ಬೇಲೂರಿನದು ಮಾರ್ಚ್ 10. ಯಾವ 'ಇತಿಹಾಸದಲ್ಲಿ ಈ ದಿನ' ಪಟ್ಟಿಯಲ್ಲೂ ಇವೆರಡೂ ಒಟ್ಟಿಗೆ ಬರುವುದಿಲ್ಲ. ಅದನ್ನು ಮಾಡಿದವರ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ದಿನ. ಯುಗಾದಿ ಆದ ಐದನೇ ತಿಥಿ ಪ್ರತಿಷ್ಠೆಗೆ ಒಳ್ಳೆಯದು ಅಂತ ಆಗಿನವರು ನಂಬಿದ್ದರೆ, ಇದು ಕಾಕತಾಳೀಯವೂ ಅಲ್ಲ. ಬೇಕಂತಲೇ ಆರಿಸಿಕೊಂಡ ದಿನ.

ಕೊನೆಗೆ ಒಬ್ಬ ಕಾಲೇಜು ಹುಡುಗ ಎದ್ದು ನಿಂತು ಕೇಳಿದ: 'ಸರ್, ಹಾಗಾದರೆ ಬೇಲೂರಿನ ದಿನವನ್ನು ನಾವು ಯಾವಾಗ ಮಾಡಬೇಕು? ಮಾರ್ಚ್ 10ಕ್ಕಾ, ಪಂಚಮಿಗಾ?'

ನಾನು ಹೇಳಿದೆ: ಮಾರ್ಚ್ 10 ಬೇಡಪ್ಪ. ಅದು ಸೀಸರನ ಲೆಕ್ಕದ ಮಾರ್ಚ್ 10, ಇವತ್ತಿನ ಲೆಕ್ಕಕ್ಕೆ ತಂದರೆ ಮಾರ್ಚ್ 17 ಆಗುತ್ತದೆ. ಆಗ ಬೇಲೂರಿನಲ್ಲಿ ಎರಡನ್ನೂ ಕೇಳಿದವರು ಯಾರೂ ಇರಲಿಲ್ಲ. ಕಲ್ಲಿನಲ್ಲಿ ಇರುವುದು ಪಂಚಮಿ, ಅದನ್ನೇ ಹಿಡಿ. 2017ರಲ್ಲಿ ಒಂಬೈನೂರು ತುಂಬಿದಾಗ ಸಂವತ್ಸರವೂ ಹೇಮಲಂಬಿಯೇ ಬಂದಿತ್ತು. ಮುಂದಿನ ಹೇಮಲಂಬಿ 2077ಕ್ಕೆ. ನಾನಂತೂ ಇರುವುದಿಲ್ಲ, ನೀನು ಇರಬಹುದು. ಆದರೆ ಪಂಚಮಿ ಪ್ರತಿ ವರ್ಷ ಬರುತ್ತದೆ. ಬೇಲೂರು, ಬೆಳಗೊಳ ಎರಡಕ್ಕೂ ಅವತ್ತೇ ಹೋಗಬೇಕೆಂದರೆ ಹಾಸನದಿಂದ ಬೆಳಿಗ್ಗೆ ಬೇಗ ಹೊರಡಬೇಕು. ಒಂದು ಊರಿನ ಆ ಕಡೆ, ಇನ್ನೊಂದು ಈ ಕಡೆ. ಬಿಸಿಲು ಏರುವ ಮೊದಲು ಬೆಟ್ಟ ಹತ್ತಿ ಇಳಿದುಬಿಡು, ಬೇಲೂರಿಗೆ ಮಧ್ಯಾಹ್ನದ ಮೇಲೆ ಹೋದರೂ ಆಗುತ್ತದೆ.